ನೀರು ಸೋಕಬಾರದ ಕಾಲು

ಸೋಮನಹಳ್ಳಿಯಲ್ಲಿ ಕುಶಲಕರ್ಮಿಯೊಬ್ಬರು ಕೃತಕ ಕಾಲು ಮಾಡಿಕೊಡುತ್ತಿದ್ದರು. ಯಾರು ಯಾವ ಹೊಸ ಕಾಲು ತಂದು ತೋರಿಸಿದರೂ ಬೆರಳಿನ ಗೆಣ್ಣಿನಿಂದ ತಟ್ಟಿ, ‘ಗದ್ದೆಗೆ ಇಳ್ಸಿ ನೋಡುದ್ರಾ?’ ಎಂದೇ ಕೇಳುತ್ತಿದ್ದರು.

ನಮ್ಮ ಸಂಶೋಧನಾ ತಂಡ ಕಾರ್ಬನ್ ನಾರಿನ ಕಾಲೊಂದನ್ನು ಅವರ ಷೆಡ್ಡಿನಲ್ಲೇ ಕೊಪ್ಪದ ಹೆಂಗಸೊಬ್ಬಳಿಗೆ ತೊಡಿಸಿತು. ಆಕೆ ಭತ್ತದ ನಾಟಿ ಕೆಲಸದವಳು. ನಾಲ್ಕು ಹೆಜ್ಜೆ ನಡೆದು ನಕ್ಕಳು. ನಾವು ಫೋಟೊ ತೆಗೆದೆವು. ‘ಒಳಗೆ ಸೆನ್ಸರ್ ಇದೆಯಮ್ಮ, ನೀರು ಸೋಕಿಸಬೇಡಿ’ ಎಂದೆ.

ಆ ಕುಶಲಕರ್ಮಿ ಸಿಡಿದೆದ್ದರು. ‘ನಾಟಿ ಆಕೋಳ್ಗೆ ನೀರು ಮುಟ್ಬ್ಯಾಡ ಅಂತೀರಲ್ಲ ಸಾ! ಇವ್ಳು ಇರೋದು ನಿಮ್ ಫೋಟೋಕ್ಕಾ? ತಗೊಂಡೋಗಿ ನಿಮ್ ಕಾಲ್ನ!’

ನಮ್ಮೆದುರೇ ಅದನ್ನು ಬಿಚ್ಚಿ, ಆಕೆಯ ಹಳೆಯ ರಬ್ಬರ್ ಕಾಲನ್ನೇ ಕಟ್ಟಿದರು.

ನಮ್ಮ ಕಾಲಿಗೆ ಪ್ರಶಸ್ತಿ ಬಂತು. ವರದಿಯ ಮುಖಪುಟದಲ್ಲಿ ಆಕೆ ನಗುತ್ತಿದ್ದಳು. ‘ಮತ್ತೆ ಗದ್ದೆಗಿಳಿದ ಮಹಿಳೆ’ ಎಂಬ ಅಡಿಬರಹ ಬರೆದವನು ನಾನೇ.