ಮೂಗು ಒಪ್ಪಿದ ಕಷಾಯ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಬೀದಿಗೆ ಹೊಸಬರು ಯಾರೇ ಕಾಲಿಟ್ಟರೂ ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ. ಕುದಿನೀರಿನಲ್ಲಿ ಬೆಂದ ಗೂಡು, ಗೂಡಿನೊಳಗೆ ಬೆಂದ ಹುಳ, ಆ ಹುಳಗಳನ್ನು ರಾಶಿ ಹಾಕುವ ಮೂಲೆ. ಆ ನಾತವನ್ನು ಬರೆದು ತಿಳಿಸುವುದು ನನ್ನ ಕೈಲಾಗದ ಕೆಲಸ. ಬೀದಿಯವರ ಪಾಲಿಗೆ ಮಾತ್ರ ಅದು ಇಲ್ಲವೇ ಇಲ್ಲ. ಇಲ್ಲವೆಂದೇ ನಡೆದುಕೊಳ್ಳಬೇಕು ಎನ್ನುವುದು ಅಲ್ಲಿನ ಕಟ್ಟಳೆ. ಅನ್ನ ಹಾಕುವ ಕಸುಬನ್ನು ನಾರುತ್ತದೆ ಎಂದ ಮಗುವಿಗೆ ಏಟು ಗ್ಯಾರಂಟಿ.

ಖಾಜಾ ಪೀರ್ ಹತ್ತು ವರ್ಷದವನಿದ್ದಾಗಲೇ ನೂಲು ಬಿಚ್ಚುವ ಚರಕದ ಮುಂದೆ ಕೂತವನು. ಮಗಳು ಅಜೀಜಾಗೆ ಆರು ತುಂಬಿದ ವರ್ಷ ಒಂದು ದಿನ, ಹೆಂಡತಿ ಶಹರ್ ಬಾನು ನೂಲಿನ ಕೆಲಸದಿಂದ ಎದ್ದು ಬಂದು ಊಟಕ್ಕೆ ಬಡಿಸುತ್ತಿದ್ದಳು. ಕೂಸು ಫ್ರಾಕಿನ ಅಂಚಿನಿಂದ ಮೂಗು ಮುಚ್ಚಿಕೊಂಡು, "ಅಮ್ಮಿ ಕೈ ನಾರ್ತಿದೆ" ಎಂದಿತು. ಖಾಜಾ ಪೀರ್ ಕೆನ್ನೆಗೆ ಬಾರಿಸಿದ. ಒಂದಲ್ಲ, ಮೂರು.

"ಇನ್ನೊಂದ್ಸಲ ಆ ಮಾತು ಬಾಯಲ್ಲಿ ಬಂದ್ರೆ ನಾಲಗೆ ಸುಟ್ಟುಬಿಡ್ತೀನಿ. ಅದು ನಮ್ಮ ಅನ್ನ ಕಣೇ!"

ಅವನು ಕೆಟ್ಟವನಲ್ಲ. ಅವನಪ್ಪನೂ ಅವನಿಗೆ ಹೀಗೇ ಕಲಿಸಿದ್ದ. ಅಂದಿನಿಂದ ಹುಡುಗಿ ಆ ಮಾತನ್ನು ಆಡಲಿಲ್ಲ.

ಎಂಬತ್ತೇಳನೇ ಇಸವಿಯ ಹೊತ್ತಿಗೆ ಖಾಜಾ ಪೀರನ ಎದೆ ಕೈಕೊಟ್ಟಿತು. ನಾಲ್ಕು ಹೆಜ್ಜೆ ಇಟ್ಟರೆ ಉಬ್ಬಸ. ಆವಿಯ ಮುಂದೆ ಕೂತರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದರು ಡಾಕ್ಟರು. ಅವನಿಗೆ ತನ್ನ ಸಾವಿಗಿಂತ ಇನ್ನೊಂದು ದಿಗಿಲು ದೊಡ್ಡದಾಗಿತ್ತು: ತಾನು ಎದ್ದರೆ ಆ ಜಾಗದಲ್ಲಿ ಅಜೀಜಾ ಕೂರಬೇಕು. ಅವಳಿಗೆ ಹದಿಮೂರು, ಏಳನೇ ಕ್ಲಾಸು.

ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಚೆನ್ನರಾಯಪ್ಪ ಎಂಬುವರ ಗುಲಾಬಿ ನರ್ಸರಿ ಇತ್ತು. ಅಲ್ಲಿನ ಹಳೇ ತೋಟಗಾರ ಕೋನಪ್ಪನಿಗೆ ವಯಸ್ಸಾಗಿ ಕಣ್ಣು ಮಂಜಾಗಿತ್ತು. ಚೆನ್ನರಾಯಪ್ಪ ಖಾಜಾ ಪೀರನನ್ನು ಕರೆಸಿ, ಕಸಿ ಕಟ್ಟಿದ ಆರುನೂರು ಗಿಡ ತೋರಿಸಿದರು. "ದಸರಾವರೆಗೆ ಇವನ್ನ ಉಳಿಸಿ ತೋರ್ಸಪ್ಪ. ಆಮೇಲೆ ಕೆಲಸಾನೂ ನಿಂದು, ಹಿಂದಗಡೆ ಮನೇನೂ ನಿಂದು." ಹಿಂದಗಡೆ ಎರಡು ಕೋಣೆಯ ಮನೆ. ಬೀದಿ ಬಿಟ್ಟು ಬರಬಹುದು, ಮಗಳು ಓದಬಹುದು. ಖಾಜಾ ಪೀರ್ ಆ ಮನೆಯ ಗೋಡೆಯನ್ನು ಕೈಯಿಂದ ಸವರಿ ನೋಡಿದ.

ಕೋನಪ್ಪ ಕೆಲಸ ಕಲಿಸಿದ. ಎಲ್ಲಕ್ಕಿಂತ ಮುಖ್ಯವಾದದ್ದು ಗಿಡಗಳಿಗೆ ಹಾಕುವ ಗೊಬ್ಬರದ ಕಷಾಯ. ಮಾಗಿದ ಗೊಬ್ಬರವನ್ನು ಗೋಣಿಯಲ್ಲಿ ಕಟ್ಟಿ ಡ್ರಮ್ಮಿನ ನೀರಿಗೆ ಇಳಿಬಿಡಬೇಕು. ಹಿಡಿ ಬೆಲ್ಲ ಹಾಕಿ, ಮೂರು ದಿನ ಬೆಳಿಗ್ಗೆ ಸಂಜೆ ನೊರೆ ಏಳುವಂತೆ ಕೋಲಿನಿಂದ ತಿರುವಬೇಕು. ನಾಲ್ಕನೇ ದಿನ ಮೂಸಿ ನೋಡಬೇಕು.

"ಚೂಡಪ್ಪ, ನೋಡಿಲ್ಲಿ ಪೀರ್ ಸಾಬೂ," ಎಂದ ಕೋನಪ್ಪ. "ಮೊದಲ್ ಮಳೆ ಬಿದ್ದ ಮಣ್ಣಿನ ವಾಸ್ನೆ ಬಂದ್ರೆ ಅಮೃತ. ಮೋರಿ ವಾಸ್ನೆ ಬಂತೋ, ವಿಷ. ಗಿಡದ ಹತ್ರಕ್ಕೂ ತರಬೇಡ, ಹಳ್ಳಕ್ಕೆ ಚೆಲ್ಲಿಬಿಡು. ಇದ್ರಲ್ಲಿ ಕಣ್ಣಿಗೆ ಕೆಲಸ ಇಲ್ಲ, ಮೂಗು ಒಪ್ಪಬೇಕು."

ಖಾಜಾ ಪೀರ್ ಡ್ರಮ್ಮಿನ ಮೇಲೆ ಬಗ್ಗಿದ. ಏನೂ ಬರಲಿಲ್ಲ. ಇನ್ನಷ್ಟು ಬಗ್ಗಿದ. ಮೂವತ್ತು ವರ್ಷದ ಆವಿ ಅವನ ಮೂಗನ್ನು ಕೊಂದುಹಾಕಿತ್ತು. ಅದು ಅವನಿಗೆ ತಿಳಿದದ್ದೇ ಆಗ, ಏಕೆಂದರೆ ಅವನ ಬೀದಿಯಲ್ಲಿ ಯಾರೂ ಯಾವುದನ್ನೂ ಮೂಸಿ ನೋಡುವುದಿಲ್ಲ. ಮೂಗಿಲ್ಲದ ತೋಟಗಾರನನ್ನು ಯಾರು ಇಟ್ಟುಕೊಂಡಾರು? "ಹೌದು, ಮಣ್ಣಿನ ವಾಸ್ನೆ" ಎಂದು ತಲೆಯಾಡಿಸಿದ.

ಎರಡು ಸಲ ಕೋನಪ್ಪನೇ ಮೂಸಿ ಒಪ್ಪಿದ್ದರಿಂದ ಗುಟ್ಟು ಉಳಿಯಿತು. ಗಿಡಗಳು ನಳನಳಿಸಿದವು. ಮೂರನೇ ಸಲದ ಹೊತ್ತಿಗೆ ಕೋನಪ್ಪ ಮದುವೆಯೊಂದಕ್ಕೆಂದು ಹದಿನೈದು ದಿನ ಕೈವಾರಕ್ಕೆ ಹೋದ. ಅದೇ ವಾರ ಮೋಡ ಕವಿದು ಖಾಜಾ ಪೀರನಿಗೆ ಉಬ್ಬಸ ಎದ್ದಿತು. ಎರಡು ದಿನ ಕಷಾಯವನ್ನು ತಿರುವಲಾಗಲಿಲ್ಲ; ಡ್ರಮ್ಮು ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಕೆಟ್ಟಿದೆಯೋ ಏನೋ ಎಂಬ ಅನುಮಾನ. ಹೊಸದಾಗಿ ಮಾಡೋಣವೆಂದರೆ ಮಾಗಿದ ಗೊಬ್ಬರ ಮುಗಿದಿತ್ತು.

ಭಾನುವಾರ ಮಗಳನ್ನು ಬಸ್ಸಿನಲ್ಲಿ ಕರೆತಂದ. "ನನ್ನ ಮೂಗು ಕೆಟ್ಟಿದೆಯಮ್ಮ, ನೀನು ನೋಡಿ ಹೇಳು" ಎಂದು ಮುಚ್ಚಳ ತೆಗೆದ.

ಅಜೀಜಾ ಬಗ್ಗಿದಳು. ಅವಳ ಕೈ ದುಪಟ್ಟಾದ ಕಡೆಗೆ ಹೋಗಿ ನಡುವೆಯೇ ನಿಂತಿತು. ಖಾಜಾ ಪೀರ್ ಅವಳ ಕೈ ನೋಡಲಿಲ್ಲ, ಬಾಯಿಂದ ಬರುವ ಮಾತಿಗೆ ಕಾಯುತ್ತಿದ್ದ.

"ಹೇಗಿದೆಯಮ್ಮ?"

"ಚೆನ್ನಾಗಿದೆ ಅಬ್ಬಾ."

"ಮಣ್ಣಿನ ಹಾಗಾ?"

"ಹ್ಞೂ."

ಅವನ ಮನಸ್ಸು ಹಗುರಾಯಿತು. ಒಳ್ಳೆಯದು ಇನ್ನಷ್ಟು ಒಳ್ಳೆಯದಾಗಲೆಂದು ಬೆರೆಸಬೇಕಾದ ನೀರನ್ನೂ ಬೆರೆಸದೆ ಆರುನೂರು ಬುಡಕ್ಕೂ ಸುರಿದ. ಮಗಳೇ ಮಗ್ಗಿನಲ್ಲಿ ಮೊಗೆಮೊಗೆದು ಕೊಟ್ಟಳು.

ಐದನೇ ದಿನಕ್ಕೆ ಎಲೆಗಳು ಹಳದಿಯಾದವು. ಹತ್ತನೇ ದಿನಕ್ಕೆ ಉದುರಿದವು. ಊರಿಂದ ಬಂದ ಕೋನಪ್ಪ ಡ್ರಮ್ಮಿನ ಹತ್ತಿರ ಬರುತ್ತಲೇ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ. ಒಂದು ಗಿಡ ಕಿತ್ತ. ಬೇರು ಕಪ್ಪಗೆ ಲೋಳೆಯಾಗಿತ್ತು.

"ಹೆಣ ನಾರಿದಂಗೆ ನಾರ್ತಿದೆ. ನಿಂಗೆ ಬರ್ಲಿಲ್ವೇನಯ್ಯಾ?"

"ನಂಗೆ ಯಾವ ವಾಸ್ನೇನೂ ಬರಲ್ಲ ಕೋನಪ್ಪ."

ಮುದುಕ ಬೈಯಲಿಲ್ಲ. "ಅಂದೇ ಹೇಳಿದ್ರೆ ಮದುವೆ ಬಿಡ್ತಿದ್ನಲ್ಲೋ" ಎಂದ, ಅಷ್ಟೇ. ಚೆನ್ನರಾಯಪ್ಪನವರು ನಾಳೆಯಿಂದ ಬರಬೇಡ ಎಂದರು. ನ್ಯಾಯವೇ. ನಾನಾದರೂ ಹಾಗೇ ಹೇಳುತ್ತಿದ್ದೆ.

ಆವಿಯ ಮುಂದೆ ಕೂರಲು ಖಾಜಾ ಪೀರನಿಗೆ ಉಸಿರಿರಲಿಲ್ಲ. ಅಜೀಜಾ ಶಾಲೆ ಬಿಟ್ಟು ಅಮ್ಮನ ಪಕ್ಕ ಕೂತಳು. ಮೊದಲ ದಿನ ಬಾಗಿಲಲ್ಲಿ ನಿಂತ ಅಪ್ಪ ಸಮಾಧಾನ ಹೇಳಲು ಬಂದ.

"ಆವತ್ತು ನಿಂಗೂ ಗೊತ್ತಾಗ್ಲಿಲ್ಲ ಪಾಪ. ನಿನ್ನ ತಪ್ಪಲ್ಲ ಬಿಡು."

ಹುಡುಗಿ ಬಿಸಿನೀರಿನಲ್ಲಿ ಎಳೆ ಹುಡುಕುತ್ತಿದ್ದಳು. ತಲೆ ಎತ್ತಲಿಲ್ಲ.

"ನಂಗೆ ಗೊತ್ತಾಯ್ತು ಅಬ್ಬಾ. ವಾಂತಿ ಬರೋ ಹಂಗಾಯ್ತು."

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ನಾರ್ತಿದೆ ಅಂದ್ರೆ ನೀವು ಹೊಡೀತೀರಲ್ಲ."

ಆಮೇಲೆ ಖಾಜಾ ಪೀರ್ ಮೂರು ವರ್ಷ ಬದುಕಿದ. ಮಗಳು ಕೆಲಸ ಮುಗಿಸಿ ಎದ್ದಾಗಲೆಲ್ಲ ಅವಳ ಬೆಂದ ಕೈ ಹಿಡಿದುಕೊಳ್ಳುತ್ತಿದ್ದ. "ನಾರ್ತಿದೆ ಅನ್ನಮ್ಮ. ಒಂದ್ಸಲ ಅನ್ನು. ನಾನು ಏನೂ ಅನ್ನಲ್ಲ" ಎಂದು ಗೋಗರೆಯುತ್ತಿದ್ದ. ಅವಳು ಕೈ ಬಿಡಿಸಿಕೊಂಡು ಒಲೆ ಹೊತ್ತಿಸಲು ಹೋಗುತ್ತಿದ್ದಳು. ಕೊನೆಯ ಚಳಿಗಾಲದಲ್ಲಿ ಒಂದು ಸಂಜೆ ಮಾತ್ರ ತನ್ನ ಅಂಗೈಯನ್ನು ಮೂಗಿಗೆ ಒತ್ತಿ, ದೀರ್ಘವಾಗಿ ಉಸಿರೆಳೆದುಕೊಂಡು ನೋಡಿದಳು.

"ಈಗ ಏನೂ ಬರಲ್ಲ ಅಬ್ಬಾ" ಎಂದಳು.