ಅಜ್ಜಿಯ ಕೆಂಪು ತೇಪೆ

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಗಿರಾಕಿಗಳಿಗೆ ಒಂದಿಷ್ಟು ಸುಳ್ಳು ಹೇಳದಿದ್ದರೆ ನನ್ನ ಮಿಷನ್ನೇ ಓಡುವುದಿಲ್ಲ. ಮೊನ್ನೆ ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಗಳೊಬ್ಬಳು ಲಂಗ ಹಿಡಿದುಕೊಂಡು ಬಂದಳು. ಸಂಜೆ ಹರಿಹರದಲ್ಲಿ ಅವಳ ತಂಡದ ಡಮಾಮಿ ಡೋಲಿನ ಕುಣಿತ. ಲಂಗದ ಮೇಲಿದ್ದ ಮಾಸಿದ ಕೆಂಪು ತೇಪೆಯೊಂದು ಅರ್ಧ ಬಿಚ್ಚಿಹೋಗಿತ್ತು.

“ಇದನ್ನ ಕಿತ್ತು ಹೊಸಾದು ಕೂಡಿಸ್ತೀನಿ ತಾಯಿ. ಜಪಾನಿಂದ ತರಿಸಿದ ಬಟ್ಟೆ ಐತೆ. ಹೊಲಿಗೆ ದೇವ್ರಿಗೂ ಕಾಣಂಗಿಲ್ಲ” ಎನ್ನುತ್ತ ತೇಪೆಯ ಹೊಲಿಗೆಗೆ ಬ್ಲೇಡ್ ಇಟ್ಟೆ.

ಅವಳು ಗಪ್ಪನೆ ನನ್ನ ಕೈ ಹಿಡಿದಳು. “ಬೇಡ ಅಣ್ಣಾ! ಅದು ನಮ್ಮಜ್ಜಿ ಹೊಲಿದ ಕೌದಿಯ ತುಂಡು. ಅಜ್ಜಿದು ಅಂತ ಉಳಿದಿದ್ದು ಅಷ್ಟೇ.”

ಬ್ಲೇಡನ್ನು ಕೆಳಗಿಟ್ಟೆ.

“ನಮ್ಮ ಹಿರಿಯರನ್ನ ಆಫ್ರಿಕಾದಿಂದ ಹಡಗಲ್ಲಿ ತಂದು ಮಾರಿದ್ರು” ಎಂದಳು. “ತಮ್ಮದು ಅನ್ನೋ ಬಟ್ಟೆನೂ ಇರಲಿಲ್ಲ. ಮಂದಿ ಬಿಸಾಕಿದ ಚೂರು ಜೋಡಿಸಿ ಕೌದಿ ಮಾಡಿದ್ರು. ತೇಪೆ ಮುಚ್ಚಿದ್ರೆ ಅವರನ್ನೇ ಮುಚ್ಚಿದ ಹಾಗೆ. ಕಾಣೋ ಹಾಗೆ ಹೊಲೀರಿ.”

ಮಿಷನ್ ಬಿಟ್ಟು, ಹಳದಿ ದಾರದಲ್ಲಿ ಕೈಯಿಂದಲೇ ದಪ್ಪ ಹೊಲಿಗೆ ಹಾಕಿದೆ. ಸಂಜೆ ಅಂಗಡಿ ಮುಚ್ಚಿ ಹರಿಹರಕ್ಕೂ ಹೋದೆ. ಡಮಾಮಿಯ ಬಡಿತಕ್ಕೆ ಅವಳು ಗಿರ್ರನೆ ತಿರುಗಿದಾಗ, ಕೊನೆಯ ಸಾಲಿನಲ್ಲಿದ್ದ ನನಗೂ ಆ ಕೆಂಪು ಕಂಡಿತು.

ಈಗ ನಾನು ಹೊಲಿಯುವ ಅಂಗಿಗಳ ಮೇಲೂ ಒಂದೊಂದು ತೇಪೆ ಎದ್ದು ಕಾಣುತ್ತದೆ. “ಯಾವ ದೇಶದ ಫ್ಯಾಶನ್ರೀ ಇದು?” ಎಂದು ಗಿರಾಕಿಗಳು ಕೇಳುತ್ತಾರೆ. “ನಮ್ಮ ಯಲ್ಲಾಪುರದ್ದು” ಎನ್ನುತ್ತೇನೆ. ಇಷ್ಟು ವರ್ಷ ನನ್ನ ಜಪಾನನ್ನು ನಂಬಿದ ಮಂದಿ, ಇದೊಂದನ್ನು ಮಾತ್ರ ನಂಬುತ್ತಿಲ್ಲ.