ತಟ್ಟೆಗೆ ಹಾಸಿದ ಎರಡು ದೇಶ

ತಂಗಿಯ ಪೇಪರುಗಳನ್ನು ರೇಷ್ಮೆ ಹುಳುವಿನ ತಟ್ಟೆಗೆ ಹಾಸಿದವನು ನಾನು. ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ.

ನಮ್ಮದು ಹುತ್ತೂರು ಕಡೆಯ ರೇಷ್ಮೆ ಸಾಕುವ ಮನೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ತಂಗಿ ಕೋಲಾರದಲ್ಲಿ ಬಿ.ಎ. ಓದುತ್ತಿದ್ದಳು. ಕಾಲೇಜಿನಲ್ಲಿ ಭಾಷಣ ಸ್ಪರ್ಧೆ ಇಟ್ಟಿದ್ದರು. ಇಸ್ರೇಲ್, ಪ್ಯಾಲೆಸ್ಟೈನ್ ಜಗಳ ಬಗೆಹರಿಯುವ ಬಗ್ಗೆ ನಮ್ಮ ಸರ್ಕಾರದ ನಿಲುವೇನು ಎಂಬುದು ವಿಷಯ. ಅವಳು ತಿಂಗಳುಗಟ್ಟಲೆ ಪೇಪರು ಕೂಡಿಟ್ಟು, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಕಿಟಕಿಯ ಪಕ್ಕ ಕಟ್ಟಿಟ್ಟಿದ್ದಳು. ನಾನು ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುವಾಗ ಎದುರಿಗೆ ನಿಂತು ಭಾಷಣ ಒಪ್ಪಿಸುತ್ತಿದ್ದಳು.

'ನಾವು ಯಾರ ಕಡೆನೇ?' ಎಂದೆ.

'ಹಂಗಲ್ಲ ಅಣ್ಣ. ಇಬ್ರಿಗೂ ಒಂದೊಂದು ದೇಶ ಇರ್ಬೇಕು, ಗಡಿ ಭದ್ರವಾಗಿರ್ಬೇಕು, ಅಕ್ಕಪಕ್ಕ ನೆಮ್ಮದಿಯಾಗಿ ಬಾಳ್ಬೇಕು. ಅದನ್ನ ಅವರಿಬ್ರೇ ನೇರ ಕೂತು ಮಾತಾಡಿ ತೀರ್ಮಾನ ಮಾಡ್ಕೋಬೇಕು.'

'ಬದು ಜಗಳ ಬಿಡಿಸೋಕೆ ಬಂದ ನೆಂಟರ ಥರ ಹೇಳ್ತೀಯಲ್ಲೇ. ಇಬ್ರ ಮನೇಲೂ ಊಟ.'

'ಹೋಗಣ್ಣ. ಇಸ್ರೇಲ್ ಮೇಲೆ ದಾಳಿ ಮಾಡಿದ್ದು ತಪ್ಪು ಅಂತಾನೂ ಹೇಳಿದೀವಿ, ಗಾಜಾ ಜನಕ್ಕೆ ಔಷಧಿನೂ ಕಳಿಸಿದೀವಿ. ನೀನು ಸೊಪ್ಪು ನೋಡ್ಕೊಂಡು ಕತ್ತರ್ಸು, ಬೆರಳು ಹೋದಾತು.'

ಅಷ್ಟರಲ್ಲಿ ಹುಳುಗಳು ಎರಡನೇ ಜ್ವರದಿಂದ ಎದ್ದವು. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಎದ್ದ ಹುಳುವಿಗೆ ಹಾಸು ಬದಲಿಸಿ ಹೊಸ ಸೊಪ್ಪು ಕೊಡಬೇಕು, ಕಾಯುವಂತಿಲ್ಲ. ಅಮ್ಮ ತೋಟದಲ್ಲಿದ್ದಳು. ಹಾಸುವ ಹಳೆ ಪೇಪರು ಮುಗಿದಿತ್ತು. ಕಿಟಕಿಯ ಪಕ್ಕದ ಕಟ್ಟು ಬಿಚ್ಚಿದೆ. ಕೆಂಪು ಗೆರೆ ಕಂಡಿತು. ಓದಿ ಮುಗಿಸಿರುತ್ತಾಳೆ ಬಿಡು ಎಂದುಕೊಂಡು ಹಾಸಿಬಿಟ್ಟೆ. ಹುಳುಗಳು ಯಾವ ಗಡಿಯನ್ನೂ ನೋಡದೆ ಎರಡೂ ದೇಶದ ಮೇಲೆ ಹರಿದಾಡಿ ಮೇಯ್ದವು.

ಸಂಜೆ ತಂಗಿ ನೋಡುವಷ್ಟರಲ್ಲಿ ಹಾಳೆಗಳು ಒದ್ದೆಯಾಗಿ ಹಿಕ್ಕೆ ಅಂಟಿದ್ದವು. ಹಾಸು ಬದಲಿಸುವುದು ಅಮ್ಮನ ಕೆಲಸ. ಹಾಗಾಗಿ ನೇರ ಅವಳ ಮೇಲೆ ಏರಿಹೋದಳು.

'ಓದಕ್ಕೆ ಬರ್ದಿದ್ರೆ ಕೇಳಕ್ಕೂ ಬರಲ್ವಾ?'

ಅಮ್ಮ ತಬ್ಬಿಬ್ಬಾದಳು. 'ನಾನೇ ಹಾಸಿರ್ಬೇಕು ಕಣೇ. ನಂಗೆ ಎಲ್ಲಾ ಪೇಪರೂ ಒಂದೇ ಥರ ಕಾಣ್ತವೆ.'

ನಾನು ಸೊಪ್ಪಿನ ಮಂಕರಿ ಎತ್ತಿಕೊಂಡು ಹೊರಗೆ ನಡೆದೆ.

ನಾಲ್ಕು ದಿನ ಅವರಿಬ್ಬರ ನಡುವೆ ಮಾತಿಲ್ಲ. ಒಂದೇ ಅಡುಗೆಮನೆಯಲ್ಲಿ ನನ್ನ ಮೂಲಕವೇ ಸುದ್ದಿ ಹೋಗಬೇಕು.

'ಮುದ್ದೆ ಆಯ್ತು ಅಂತ ಅವಳಿಗೆ ಹೇಳೋ.'

'ಹಸಿವಿಲ್ಲ ಅಂತ ಹೇಳಣ್ಣ.'

'ಇಬ್ರೂ ನೇರ ಕೂತು ಮಾತಾಡಿ' ಎಂದು ನಾನು ದೊಡ್ಡ ಮನುಷ್ಯನಂತೆ ಬುದ್ಧಿ ಹೇಳಿದೆ. ಆ ವೇಷ ನನಗೆ ಹಿತವಾಗಿಯೇ ಇತ್ತು.

ಸ್ಪರ್ಧೆಯ ದಿನ ಬೆಳಿಗ್ಗೆ ತಂಗಿ ಅಮ್ಮನಿಗೆ ಹೇಳದೆಯೇ ಬಸ್ಸಿಗೆ ಹೊರಟಳು. ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಕಂಕುಳಲ್ಲಿ ಪೇಪರಿನ ಕಟ್ಟು. ಟೀ ಅಂಗಡಿಗೆ, ನಾಲ್ಕಾರು ಮನೆಗೆ ಅಲೆದು ಕೇಳಿ ತಂದದ್ದು. ಮೇಲಿನದರಲ್ಲಿ ಟೊಮೆಟೊ ರೇಟು, ಅದರ ಕೆಳಗೆ ಮದುವೆ ಸೀರೆಯ ಜಾಹೀರಾತು.

'ಇದ್ರಲ್ಲಿ ಆ ದೇಶದ ಸುದ್ದಿ ಏನಾದ್ರೂ ಐತಾ ನೋಡು ಅಂತ ಹೇಳೋ' ಎಂದಳು ನನಗೆ.

ತಂಗಿಯ ಬ್ಯಾಗು ಹಿಡಿದು ನಿಲ್ಲಿಸಿದೆ.

'ಅಮ್ಮ ಹಾಸಿಲ್ಲ ಕಣೇ, ನಾನು ಹಾಸಿದ್ದು. ಕೆಂಪು ಗೆರೆ ನೋಡಿನೇ ಹಾಸ್ದೆ. ಅಮ್ಮ, ಅವಳು ನಿನ್ನ ಬೈವಾಗ ಬಾಯಿ ಮುಚ್ಕೊಂಡಿದ್ದೆ. ತಪ್ಪಾಯ್ತು. ಇಬ್ರೂ ನನ್ನ ಕ್ಷಮಿಸ್ಬಿಡಿ.'